ಆಟ ಮುಗಿದ ಮೇಲಿನ ಮಾತು

ಮೇಡ್ಲೇರಿ ಊರಿನ ಕಟ್ಟೆಯ ಮೇಲೆ ಸಂಜೆ ಕೂತ ಹಿರಿಯರಿಗೆ ಹಳೆಯ ಕುಸ್ತಿಯೊಂದನ್ನು ನೆನಪಿಸಿ ನೋಡಿ. ಯಾರು ಯಾವ ಪಟ್ಟು ಹಾಕಿ ಯಾರನ್ನು ಚಿತ್ ಮಾಡಿದರು ಎಂಬುದು ಇಂದಿಗೂ ಬಾಯಿಪಾಠ. ಆದರೆ ಮೊಣಕಾಲು ನೋಯತೊಡಗಿದ ಮೇಲೆ ಕುಸ್ತಿಯಲ್ಲಿ ಉಳಿಯುವುದು ಮಾತು ಮಾತ್ರ.

ಗಾಲ್ಫ್ ಹಾಗಲ್ಲ, 70 ದಾಟಿದವರೂ ಆಡುತ್ತಾರೆ. ಹ್ಯಾಂಡಿಕ್ಯಾಪ್ ಎಂಬ ಲೆಕ್ಕವೊಂದಿದೆ, ಅದರಲ್ಲಿ ಆಟದ ಮಟ್ಟ ನೋಡಿ ಕೆಲವು ಹೊಡೆತಗಳ ರಿಯಾಯಿತಿ. ಹಾಗಾಗಿ ಅಜ್ಜ, ಮೊಮ್ಮಗ ಸರಿಸಮನಾಗಿ ಆಡಬಹುದು. 18 ಕುಳಿ ಮುಗಿಸಲು ಸುಮಾರು 4 ತಾಸು ಬೇಕು. ಚೆಂಡು ಹೊಡೆಯುವುದು ಕೆಲವೇ ನಿಮಿಷ, ಉಳಿದದ್ದೆಲ್ಲ ನಡಿಗೆ, ಮಾತು. ಆಮೇಲೆ ಕೂತು ಹರಟುವ ಜಾಗಕ್ಕೆ ಆಟಗಾರರು ‘19ನೆಯ ಕುಳಿ’ ಎಂದೇ ಹೆಸರಿಟ್ಟಿದ್ದಾರೆ.

ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಕಥೆ ನನಗೆ ಬಹಳ ಇಷ್ಟ. 5 ವರ್ಷದ ಹುಡುಗಿ ಅಪ್ಪ-ಅಮ್ಮನ ಜೊತೆ ತಿಂಡಿಗೆ ಹೋದಾಗ, ಪಕ್ಕದ ಗಾಲ್ಫ್ ಮೈದಾನದ ಸಡಗರ ಅವಳನ್ನು ಸೆಳೆಯಿತು. ಮನೆಯಲ್ಲಿ ಯಾರೂ ಆಡಿದವರಲ್ಲ. ಮೂವರೂ ಒಟ್ಟಿಗೆ ಕಲಿತರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮಗಳ ಬ್ಯಾಗ್ ಹೊತ್ತು ನಡೆದವರು ಅಪ್ಪ. ಟೋಕಿಯೊದಲ್ಲಿ ಅಮ್ಮ ಮಹೇಶ್ವರಿ. ಅಲ್ಲಿ 2021ರ ಆಗಸ್ಟ್ 7ರಂದು, ಕೊನೆಯ ಕುಳಿಯಲ್ಲಿ ಅದಿತಿಯ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆಯಲ್ಲಿ ಕುಳಿ ಮುಗಿಸುವ) ಹೊಡೆತ ಗುರಿ ತಪ್ಪಿತು. ಒಂದೇ ಹೊಡೆತದಿಂದ ಕಂಚು ಹೋಯಿತು, 4ನೆಯ ಸ್ಥಾನ ಉಳಿಯಿತು. ಗಾಲ್ಫ್ ಕೋಲನ್ನೇ ಮುಟ್ಟದ ಎಷ್ಟೋ ಜನ ಆ ಶನಿವಾರ ಬೆಳಿಗ್ಗೆ ಟಿವಿ ಮುಂದೆ ಕೂತಿದ್ದರು. ಆ ಹೊಡೆತದ ಕಥೆಯನ್ನು ಈಗಲೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.