ಗಾಜಿನೊಳಗಿನ ಕಡಲು

ಮೇಜಿನ ಮೇಲೆ 40 ಲೀಟರಿನ ಗಾಜಿನ ತೊಟ್ಟಿ. ಅದರೊಳಗೆ ಪುಟ್ಟ ಕಡಲೊಂದನ್ನು ಕಟ್ಟಬೇಕು. ಲೀಟರು ನೀರಿಗೆ ಸುಮಾರು 35 ಗ್ರಾಂ ಉಪ್ಪು. ಅಡುಗೆಯ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಕೂಡಿದ ಕಡಲುಪ್ಪು. ಮರಳು, ಕಲ್ಲು, ದೀಪ ಎಲ್ಲ ಸಿದ್ಧವಾದರೂ ಕೂಡಲೇ ಮೀನು ತರುವಂತಿಲ್ಲ. ಮೀನಿನ ಕೊಳೆಯಿಂದ ಬರುವ ವಿಷವಾದ ಅಮೋನಿಯಾವನ್ನು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ನೆಲೆಯೂರಲು ಕೆಲವು ವಾರ ಬೇಕು. ಕಣ್ಣಿಗೆ ಕಾಣದವರು ಬಂದ ಮೇಲೆಯೇ ಕಾಣುವವರಿಗೆ ಜಾಗ.

ಆ ನೈಟ್ರೇಟನ್ನು ಉಣ್ಣುವುದು ಕಡಲಪಾಚಿ. ನೆಲದ ಗಿಡದಂತೆ ಅದು ಬೇರಿನಿಂದ ಉಣ್ಣುವುದಿಲ್ಲ, ಮೈಯೆಲ್ಲ ಬಾಯಿ. ಮೀನಿನ ಕೊಳೆ ಪಾಚಿಗೆ ಊಟ. ಬೆಳೆದ ಪಾಚಿಯನ್ನು ಕತ್ತರಿಸಿ ತೆಗೆದರೆ ಕೊಳೆಯೂ ಹೊರಗೆ. ಇನ್ನು ತೊಟ್ಟಿಯ ನೀರು ಆವಿಯಾದರೂ ಉಪ್ಪು ಉಳಿಯುತ್ತದೆ. ಆದ್ದರಿಂದ ಮತ್ತೆ ತುಂಬಬೇಕಾದದ್ದು ಸಿಹಿನೀರು.

ಕತ್ತರಿಸಿದ ಪಾಚಿಯನ್ನು ಮಾತ್ರ ಕಡಲಿಗೆ ಎಸೆಯಬಾರದು; ಅಲ್ಲಿ ಅದು ಮಿತಿಮೀರಿ ಹಬ್ಬಬಹುದು. 1984ರಲ್ಲಿ ಮೊನಾಕೊ ತೀರದಲ್ಲಿ ಚದರ ಮೀಟರಿನಷ್ಟೇ ಕಂಡ ಕೌಲರ್ಪಾ ಪಾಚಿ, ಮುಂದೆ ಮೆಡಿಟರೇನಿಯನ್ನಿನ ಸಾವಿರಾರು ಹೆಕ್ಟೇರ್ ತಳಕ್ಕೆ ಹಬ್ಬಿತು.

ದುಡುಕದೆ ಕಾಯುವುದು, ಬೆಳೆದದ್ದನ್ನು ಮಿತಿಯಲ್ಲಿಡುವುದು: ತೊಟ್ಟಿ ಕಲಿಸುವ ಈ ಎರಡು ಪಾಠ ಬದುಕಿಗೂ ಸಲ್ಲುತ್ತವೆ.