ವಿಡಿಯೋದವರನ್ನು ಗೊತ್ತುಮಾಡುವ ಮೊದಲು

ಮದುವೆ ಕಾಲ ಬಂತೆಂದರೆ ಮುಂಬಯಿಯ ನಮ್ಮವರಿಗೆ ಮೂರು ಚಿಂತೆ. ಹಾಲ್ ಸಿಗಬೇಕು, ಅಡುಗೆಯವರು ಊರ ಕಡೆಯವರೇ ಆಗಬೇಕು, ಪುರೋಹಿತರು ಹೊತ್ತಿಗೆ ಸರಿಯಾಗಿ ಲೋಕಲ್ ಹಿಡಿದು ಬರಬೇಕು. ವಿಡಿಯೋದವರ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಭಾವನ ಆಫೀಸಿನವರು ಯಾರೋ ಒಂದು ನಂಬರು ಕೊಡುತ್ತಾರೆ. ಫೋನಿನಲ್ಲೇ ರೇಟು ಕೇಳಿ, ಒಂದಿಷ್ಟು ಚೌಕಾಶಿ ಮಾಡಿ, ಅಡ್ವಾನ್ಸ್ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಇವತ್ತು ಆ ಫೋನು ಮಾಡುವ ಮೊದಲು ಕೇಳಬೇಕಾದ ಮಾತುಗಳನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಮೊದಲನೆಯದು, ಅವರಿಗೆ ನಮ್ಮ ಮದುವೆ ಗೊತ್ತೇ? ಇಲ್ಲಿನ ವಿಡಿಯೋದವರಲ್ಲಿ ಬಹಳ ಮಂದಿ ಮರಾಠಿ ಮದುವೆಗಳಲ್ಲಿ ಪಳಗಿದವರು. ಅಲ್ಲಿ ಮಂಗಳಾಷ್ಟಕ ಮುಗಿದು, ಅಂತರಪಟ ಸರಿದು, ಹಾರ ಬದಲಾಯಿತೆಂದರೆ ಜನ ಊಟಕ್ಕೆ ಏಳುತ್ತಾರೆ. ಕ್ಯಾಮೆರಾದವರೂ ಒಂದು ಉಸಿರು ಬಿಡುತ್ತಾರೆ. ಆದರೆ ದಕ್ಷಿಣ ಕನ್ನಡ, ಉಡುಪಿ ಕಡೆಯ ಮದುವೆಯಲ್ಲಿ ಎಲ್ಲರ ಕಣ್ಣು ಇರುವುದು ಧಾರೆಯ ಮೇಲೆ. ಹಿರಿಯರು ಗಿಂಡಿ ಹಿಡಿದು ಹುಡುಗ ಹುಡುಗಿಯ ಕೈಮೇಲೆ ನೀರು ಬಿಡುವುದು ಒಂದೆರಡು ನಿಮಿಷದ ಕೆಲಸ. ಆ ಹೊತ್ತಿಗೆ ಕ್ಯಾಮೆರಾ ಹೂವಿನ ಕಮಾನು ತೋರಿಸುತ್ತಿದ್ದರೆ ಆಯಿತು! ಮೈಸೂರು ಕಡೆಯವರಲ್ಲಿ ಜೀರಿಗೆ ಬೆಲ್ಲ ಇಡುವ ಗಳಿಗೆಯೂ ಹಾಗೆಯೇ, ಕಣ್ಣು ಮಿಟುಕಿಸುವುದರಲ್ಲಿ ಮುಗಿದಿರುತ್ತದೆ. ‘ಇನ್ನೊಮ್ಮೆ ಹಾಕಿ’ ಎಂದು ಕೇಳಿ ಹಾಕಿಸಿದ್ದನ್ನೂ ನಾನು ನೋಡಿದ್ದೇನೆ. ಎರಡನೇ ಸಲಕ್ಕೆ ಆ ನಗು ಎಲ್ಲಿಂದ ಬರಬೇಕು?

ಆದ್ದರಿಂದ ಪುರೋಹಿತರನ್ನೋ ಮನೆಯ ಹಿರಿಯರನ್ನೋ ಕೇಳಿ ಶಾಸ್ತ್ರಗಳ ಕ್ರಮವನ್ನು ಒಂದು ಹಾಳೆಯಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಬರೆದು ಮುಂಚೆಯೇ ಕೊಡಿ. ಆ ದಿನ ಅವರ ಪಕ್ಕ ನಿಲ್ಲಲು ಒಬ್ಬ ಸೋದರಮಾವನನ್ನೋ ಚಿಕ್ಕಪ್ಪನನ್ನೋ ಗೊತ್ತುಮಾಡಿ. ಸೋದರಮಾವನಿಗೇ ಮಂಟಪದಲ್ಲಿ ಕೆಲಸವಿದ್ದರೆ ಬೇಡ, ಪಾಪ.

ಎರಡನೆಯದು ನನ್ನ ಕಸುಬಿಗೆ ಹತ್ತಿರದ್ದು, ದನಿ. ಅವರು ಮಾದರಿಗೆ ತೋರಿಸುವ ವಿಡಿಯೋ ಹಾಕಿಸಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ. ಕ್ಯಾಮೆರಾದ ಮೇಲಿನ ಮೈಕು ಹತ್ತು ಹದಿನೈದು ಅಡಿ ದೂರದಿಂದ ಹಿಡಿಯುವುದು ಫ್ಯಾನಿನ ಸದ್ದು, ಕುರ್ಚಿ ಎಳೆಯುವ ಸದ್ದು, ಹಿಂದಿನ ಸಾಲಿನ ಹರಟೆ. ಮಾತು ಬೇಕಾದರೆ ಪುರೋಹಿತರ ಶಲ್ಯಕ್ಕೋ ವರನ ಶರ್ಟಿಗೋ ಒಂದು ಸಣ್ಣ ಕಾಲರ್ ಮೈಕು ಸಿಕ್ಕಿಸಬೇಕು. ಅದನ್ನು ನೀವು ಹೇಳುವ ಮೊದಲೇ ಹೇಳುವವರು ಕೆಲಸ ಬಲ್ಲವರು. ಇನ್ನು ಕೆಲವರು ಎಡಿಟಿಂಗ್‌ನಲ್ಲಿ ಮಂತ್ರ, ಮಾತು, ನಗು ಎಲ್ಲವನ್ನೂ ಅಳಿಸಿ ಉದ್ದಕ್ಕೂ ಸಿನಿಮಾ ಹಾಡು ತುಂಬುತ್ತಾರೆ. ಊರಿಂದ ಎರಡು ದಿನ ಪ್ರಯಾಣ ಮಾಡಿ ಬಂದ ಅಜ್ಜಿ ಆರತಿ ಎತ್ತುತ್ತಾ ಸೋಬಾನೆ ಹೇಳುತ್ತಿರುತ್ತಾರೆ, ಬಾಯಿ ಅಲ್ಲಾಡುತ್ತದೆ, ಕೇಳಿಸುವುದು ಹಿಂದಿ ಹಾಡು. ಈ ಊರಲ್ಲಿ ಬೆಳೆಯುವ ಮಕ್ಕಳಿಗೆ ಮುತ್ತಜ್ಜಿಯ ಕನ್ನಡ ಕೇಳಲು ಬೇರೆ ಯಾವ ದಾರಿ ಇದೆ ಹೇಳಿ? ‘ಹಾಡು ಬೇಕಾದಲ್ಲಿ ಹಾಕಿ, ಆದರೆ ಮೂಲ ದನಿ ಇರುವ ಪೂರ್ತಿ ಪ್ರತಿ ಬೇರೆಯಾಗಿ ಕೊಡಿ’ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ.

ಕಲಿತವರು ಬೇಕು ಎನ್ನುತ್ತೀರಿ, ಸರಿ. ಕ್ಯಾಮೆರಾ ವಿದ್ಯೆಯಲ್ಲಿ ಕನ್ನಡಿಗರಿಗೂ ಈ ನಗರಕ್ಕೂ ದೊಡ್ಡ ನಂಟಿದೆ. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಇಲ್ಲಿಗೆ ಬಂದು ಗುರುದತ್ತರ ಚಿತ್ರಗಳಿಗೆ ಕ್ಯಾಮೆರಾ ಹಿಡಿದರು. 1959ರ ‘ಕಾಗಜ್ ಕೆ ಫೂಲ್’ ಅವರದೇ ಕೆಲಸ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು, ಛಾಯಾಗ್ರಾಹಕರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಮದುವೆಗೆ ಅಂಥವರನ್ನು ಹುಡುಕಲಾಗದು, ಪ್ರಮಾಣಪತ್ರವೊಂದನ್ನೇ ನಂಬುವಂತೆಯೂ ಇಲ್ಲ. ಆದರೆ ಪರೀಕ್ಷಿಸಬಹುದು. ಐದು ನಿಮಿಷದ ಟ್ರೇಲರ್ ಯಾರಾದರೂ ಚೆಂದ ಮಾಡುತ್ತಾರೆ. ಒಂದೇ ಒಂದು ಮದುವೆಯನ್ನು ಮೊದಲಿಂದ ಕೊನೆವರೆಗೆ ತೋರಿಸಿ ಎನ್ನಿ. ಹಾಲ್‌ನ ದೀಪದಲ್ಲಿ ಚಿತ್ರ ಮಿಣಮಿಣ ಎನ್ನದಂತೆ ಏನು ಮಾಡುತ್ತೀರಿ ಎಂದು ಕೇಳಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಟ್ಯೂಬ್‌ಲೈಟಿನಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಅದಕ್ಕೆ ಹೊಂದುವಂತೆ ಶಟರನ್ನು 1/50ಕ್ಕೋ 1/100ಕ್ಕೋ ಇಡಬೇಕು. ಬಲ್ಲವರು ತಡವರಿಸದೆ ಹೇಳುತ್ತಾರೆ. ಒಂದು ಕಾರ್ಡು ಕೆಟ್ಟರೆ ಏನು ಗತಿ ಎಂದೂ ಕೇಳಿ; ಒಟ್ಟಿಗೇ ಎರಡು ಕಾರ್ಡಿಗೆ ಬರೆಯುವ ಕ್ಯಾಮೆರಾಗಳಿವೆ. ಮತ್ತೆ, ಆ ದಿನ ಬರುವವರು ಯಾರು? ಮಾತಾಡಿದವರು ಒಬ್ಬರು, ಮಂಟಪಕ್ಕೆ ಬಂದವರು ನಿನ್ನೆ ಸೇರಿದ ಹುಡುಗ ಎಂದಾಗಬಾರದು.

ಡ್ರೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2021ರ ಡ್ರೋನ್ ನಿಯಮಗಳಿವೆ, ವಿಮಾನ ನಿಲ್ದಾಣ ಹತ್ತಿರವಿರುವ ಈ ಊರಿನಲ್ಲಿ ಅನುಮತಿಯ ಹೊಣೆ ಯಾರದೆಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ಆ ಹಣವನ್ನು ಮೈಕಿಗೆ ಹಾಕಿ.

ಹಕ್ಕಿನ ವಿಚಾರ ಹಲವರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಮಾಡಿಸಿಕೊಂಡ ಚಿತ್ರದ ಮೊದಲ ಹಕ್ಕು ಮಾಡಿಸಿಕೊಂಡವರದು, ಬೇರೆ ಕರಾರು ಇಲ್ಲದಿದ್ದರೆ. ಆ ‘ಇಲ್ಲದಿದ್ದರೆ’ಗಾಗಿಯೇ ಕರಾರನ್ನು ಓದಿ ಸಹಿ ಹಾಕಿ. ಮಗಳ ಮದುವೆ ಅವರ ಜಾಹೀರಾತಿಗೆ ಬೇಡವಾದರೆ ಅದನ್ನೂ ಬರೆಸಿ. ಕತ್ತರಿಸದ ಪೂರ್ತಿ ಚಿತ್ರೀಕರಣ ಕೊಡುತ್ತಾರೆಯೇ, ಎಷ್ಟು ದಿನದೊಳಗೆ, ಎಲ್ಲವೂ ಕಾಗದದ ಮೇಲೆ ಬರಲಿ. ಕೊನೆಯ ಕಂತು ಎಲ್ಲ ಕೈಸೇರಿದ ಮೇಲೆ.

ಹಾರ್ಡ್‌ಡಿಸ್ಕ್‌ನಲ್ಲಿ ಎರಡು ಪ್ರತಿ ಪಡೆದು ಒಂದನ್ನು ಊರಿನ ಮನೆಯಲ್ಲಿಡಿ. ಹಾಗೆಯೇ ಅಟ್ಟದ ಮೇಲಿನ ನಿಮ್ಮದೇ ಮದುವೆಯ ವಿ.ಎಚ್.ಎಸ್. ಕ್ಯಾಸೆಟ್ಟನ್ನೂ ಕೆಳಗಿಳಿಸಿ. ಮುಂಬಯಿಯ ಮಳೆಗಾಲದ ತೇವಕ್ಕೆ ಟೇಪಿನಲ್ಲಿ ಬೂಷ್ಟು ಹಿಡಿಯುತ್ತದೆ, ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರಲ್ಲಿ ಅದನ್ನು ನಿಲ್ಲಿಸಿತು. ಮಗನ ಮದುವೆಗೆ ಬರುವ ವಿಡಿಯೋದವರಲ್ಲಿ ಆ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಡುವಿರಾ ಎಂದು ಕೇಳಿ. ಬೂಷ್ಟು ಹಿಡಿದಿದ್ದರೆ ಮಾತ್ರ ಶುಚಿ ಮಾಡಿಸದೆ ಪ್ಲೇಯರಿಗೆ ಹಾಕಲು ಬಿಡಬೇಡಿ.