ಗಡ್ಡ, ಹೈ ಹೀಲ್ಸ್ ಮತ್ತು ಮಿಲಿಟರಿ ಸರ್ಕಾರ

ಇವತ್ತು ಒಂದು ಡಾಕ್ಯುಮೆಂಟರಿ ಬಗ್ಗೆ ಮಾತಾಡೋಣ. 2009ರಲ್ಲಿ ಬಂದ ಬ್ರೆಜಿಲ್‌ನ ಚಿತ್ರ, ಹೆಸರು 'ಡ್ಜಿ ಕ್ರೋಕೆಟ್ಸ್'. ಹಾಡು, ಕುಣಿತ ಇರುತ್ತೆ, ಮಲಗೋ ಮುಂಚೆ ಸ್ವಲ್ಪ ನೋಡೋಣ ಅಂತ ಹಾಕ್ಕೊಂಡೆ. ಮುಗಿದ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಮೊದಲು ಆ ಕಾಲ ಹೇಗಿತ್ತು ಅಂತ ಹೇಳ್ತೀನಿ. 1964ರಲ್ಲಿ ಬ್ರೆಜಿಲ್‌ನಲ್ಲಿ ಸೇನೆ ಅಧಿಕಾರ ಹಿಡಿಯಿತು. 1985ರವರೆಗೆ ಬಿಡಲಿಲ್ಲ. 1968ರ ಡಿಸೆಂಬರ್‌ನಲ್ಲಿ 'ಎಐ-5' ಅನ್ನೋ ಆದೇಶ ಬಂತು. ಸಂಸತ್ತನ್ನು ಮುಚ್ಚಿಸಿದರು. ರಾಜಕೀಯ ಆರೋಪದ ಮೇಲೆ ಯಾರನ್ನಾದರೂ ಹಿಡಿದುಕೊಂಡು ಹೋದರೆ, ಮನೆಯವರು ಹೇಬಿಯಸ್ ಕಾರ್ಪಸ್ ಹಾಕೋ ಹಾಗೂ ಇರಲಿಲ್ಲ. ಪತ್ರಿಕೆ, ಹಾಡು, ನಾಟಕ ಎಲ್ಲದಕ್ಕೂ ಸೆನ್ಸಾರ್.

ಇಂಥ ಹೊತ್ತಲ್ಲಿ, 1972ರಲ್ಲಿ, ರಿಯೋ ನಗರದಲ್ಲಿ 13 ಜನ ಗಂಡಸರ ಒಂದು ತಂಡ ಹುಟ್ಟಿತು. ಬರೆಯೋಕೆ ವಾಗ್ನರ್ ರಿಬೇರೊ. ಕುಣಿತ ಕಲಿಸೋಕೆ ಅಮೆರಿಕದಿಂದ ಬಂದು ಬ್ರೆಜಿಲ್‌ನಲ್ಲೇ ನೆಲೆಸಿದ್ದ ಲೆನ್ನಿ ಡೇಲ್. ಸ್ಯಾನ್ ಫ್ರಾನ್ಸಿಸ್ಕೋದ 'ಕಾಕೆಟ್ಸ್' ತಂಡ ಇವರಿಗೆ ಸ್ಫೂರ್ತಿ. ಕ್ರೋಕೆಟ್ ಅಂದ್ರೆ ಅಲ್ಲಿನ ಬಾರ್‌ಗಳಲ್ಲಿ ಸಿಗೋ ಕರಿದ ತಿಂಡಿ. ಒಂದು ಹೆಸರಲ್ಲಿ ಎರಡು ತಮಾಷೆ!

ಹೆಣ್ಣುವೇಷ ಹಾಕಿದ ಗಂಡಸರು ಅಂದ್ಕೋಬೇಡಿ. ಹೆಣ್ಣುವೇಷ ಅಂದ್ರೆ ಮೀಸೆ ಬೋಳಿಸಬೇಕು, ದನಿ ಬದಲಿಸಬೇಕು, ಗಂಡಸು ಅಂತ ಗೊತ್ತಾಗಬಾರದು. ಇವರು ಏನನ್ನೂ ಮುಚ್ಚಿಡಲಿಲ್ಲ. ಮುಖದಲ್ಲಿ ಗಡ್ಡ, ಕಣ್ಣಿಗೆ ಉದ್ದ ರೆಪ್ಪೆ, ಎದೆ ತುಂಬಾ ಕೂದಲು, ಅದರ ಮೇಲೆ ಮಿಂಚುಪುಡಿ, ಕಾಲಿಗೆ ಹೈ ಹೀಲ್ಸ್. ನಾವು ಗಂಡೂ ಅಲ್ಲ, ಹೆಣ್ಣೂ ಅಲ್ಲ, ಬರೀ ಮನುಷ್ಯರು ಅನ್ನೋದೇ ಇವರ ಮಾತು.

ನನಗೆ ಇಲ್ಲೇ ಒಂದು ಪ್ರಶ್ನೆ ಬಂತು. ವೇದಿಕೆ ಮೇಲೆ ಇವರು ಸರ್ಕಾರದ ವಿರುದ್ಧ ಘೋಷಣೆ ಕೂಗಲಿಲ್ಲ. ಜನ ನಕ್ಕರು, ಚಪ್ಪಾಳೆ ಹೊಡೆದರು ಅಷ್ಟೆ. ಮತ್ತೆ ಸರ್ಕಾರಕ್ಕೇನು ಭಯ? ಸೆನ್ಸಾರ್‌ನವರು ಹುಡುಕೋದು ಪದಗಳನ್ನ. ಕೆಂಪು ಪೆನ್ನಲ್ಲಿ ಮಾತನ್ನ ಹೊಡೆದು ಹಾಕಬಹುದು. ಕೂದಲಿರೋ ಕಾಲು ಹೀಲ್ಸ್ ಹಾಕ್ಕೊಂಡು ಕುಣೀತಿದ್ರೆ ಏನನ್ನ ಹೊಡೆದು ಹಾಕ್ತೀರಿ? ಗಂಡಸು ಅಂದ್ರೆ ಹೀಗೇ ಇರಬೇಕು, ಹೇಳಿದ್ದನ್ನ ಕೇಳಬೇಕು ಅಂತಲೇ ಸಮವಸ್ತ್ರದ ಸರ್ಕಾರ ನಡೆಯೋದು. ಆ ಬುಡಕ್ಕೇ ಇವರು ನಗುನಗ್ತಾ ಕೈ ಹಾಕಿದ್ರು.

ಕೊನೆಗೆ ನಿಷೇಧ ಬಂತು. ತಂಡ ಪ್ಯಾರಿಸ್‌ಗೆ ಹೋಯ್ತು. ಅಲ್ಲಿ ಹಾಲಿವುಡ್ ತಾರೆ ಲೈಜಾ ಮಿನೆಲಿ ಇವರ ಬೆನ್ನಿಗೆ ನಿಂತರು, ಪ್ಯಾರಿಸ್ ಇವರನ್ನ ಮೆಚ್ಚಿಕೊಂಡಿತು. ಚಿತ್ರದಲ್ಲಿ ಲೈಜಾ ಕೂಡ ಮಾತಾಡ್ತಾರೆ.

ನಿರ್ದೇಶಕರು ಇಬ್ಬರು: ತಾತಿಯಾನಾ ಇಸ್ಸಾ, ರಫೇಲ್ ಆಲ್ವಾರೆಜ್. ತಾತಿಯಾನಾ ಅವರ ಅಪ್ಪ ಈ ತಂಡದ ಜೊತೆ ರಂಗದ ಹಿಂದೆ ಕೆಲಸ ಮಾಡ್ತಿದ್ದವರು. ಅವರ ಬಾಲ್ಯದ ನೆನಪಲ್ಲಿ ಇವರೆಲ್ಲ ಬಣ್ಣ ಬಳ್ಕೊಂಡ ಜೋಕರ್‌ಗಳು. ಹಾಗಾಗಿ ಇದು ಇತಿಹಾಸದ ಪಾಠದ ಥರ ಇಲ್ಲ, ಕಳೆದುಹೋದ ಮನೆಯವರನ್ನ ಹುಡುಕ್ಕೊಂಡು ಹೋದ ಹಾಗಿದೆ.

ಹುಡುಕಿದಾಗ ಸಿಕ್ಕಿದ್ದು ಸುಲಭದ ಕಥೆ ಅಲ್ಲ. ತಂಡ ಒಡೆಯಿತು. ಕೆಲವರು ಏಡ್ಸ್‌ಗೆ ಬಲಿಯಾದರು. ಲೆನ್ನಿ ಡೇಲ್ ತೀರಿಕೊಂಡಿದ್ದು 1994ರಲ್ಲಿ. ಇನ್ನು ಕೆಲವರ ಕೊಲೆಯಾಯಿತು. ಸರ್ವಾಧಿಕಾರ ಹೋದ ಮಾತ್ರಕ್ಕೆ ದ್ವೇಷ ಹೋಗಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಇನ್ನೊಂದು ಸಂಕಟ, ದೇಶ ಇವರನ್ನ ಹೆಚ್ಚುಕಮ್ಮಿ ಮರೆತೇಬಿಟ್ಟಿತ್ತು. ನಿಷೇಧ ಮಾಡೋದು ಸರ್ಕಾರ, ಸರಿ. ಮರೆಯೋದು ಮಾತ್ರ ನಾವು.

ನಿಮಗೆ ಸಿಕ್ಕಿದ್ರೆ ಈ ಚಿತ್ರ ನೋಡಿ. ಉಳಿದುಕೊಂಡವರು ವಯಸ್ಸಾದ ಮೇಲೂ ಆ ದಿನಗಳನ್ನ ನೆನೆಸಿಕೊಂಡು ನಗ್ತಾರಲ್ಲ, ಆ ನಗುವನ್ನ ಸ್ವಲ್ಪ ಗಮನಿಸಿ. ನನ್ನ ನಿದ್ದೆ ಕೆಡಿಸಿದ್ದು ಅದೇ. ಮುಂದಿನ ವಾರ ಸಿಗೋಣ.